ಗಾಡಿ ತಿರುಗದ ಬೀದಿಯಲ್ಲಿ ಕಸಕ್ಕೆ ದಂಡ

ಮೊನ್ನೆ ಬೆಳಿಗ್ಗೆ ಆರೂವರೆಗೆ ಹಾಲು ತರಲು ಹೊರಟಿದ್ದೆ. ನಮ್ಮ ಬೀದಿಯ ತುದಿಯಲ್ಲಿ, ಟ್ರಾನ್ಸ್‌ಫಾರ್ಮರ್ ಪಕ್ಕ, ಕಸ ಎಸೆಯುವವರನ್ನು ಹಿಡಿಯುವ ಪಾಲಿಕೆ ಮಾರ್ಷಲ್‌ಗಳು ಒಬ್ಬ ಹುಡುಗಿಯನ್ನು ನಿಲ್ಲಿಸಿಕೊಂಡು ದಂಡದ ರಸೀದಿ ಬರೆಯುತ್ತಿದ್ದರು. ಹಿಂದಿನ ಸಾಲಿನ ಒಂದು ಕೋಣೆಯ ಮನೆಯಲ್ಲಿರುವ ಹುಡುಗಿ. ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಒಂದು ಕೈಯಲ್ಲಿ ಟಿಫಿನ್ ಬ್ಯಾಗು. ಇನ್ನೊಂದು ಕೈಯಲ್ಲಿದ್ದ ಕಸದ ಕವರ್ ಆಗಷ್ಟೇ ಗುಡ್ಡೆಯ ಮೇಲೆ ಬಿದ್ದಿತ್ತು. ಮೇನ್ ರೋಡಿನಲ್ಲಿ ಫ್ಯಾಕ್ಟರಿ ವ್ಯಾನು ಹಾರ್ನ್ ಹೊಡೆಯುತ್ತಲೇ ಇತ್ತು.

"ಅಣ್ಣಾ, ಕಸದ ಗಾಡಿ ನಮ್ ಮನೆ ಹತ್ರ ಬರಲ್ಲಣ್ಣಾ. ಬರೋ ಹೊತ್ತಿಗೆ ನಾನ್ ಇರಲ್ಲ" ಅಂತ ಎರಡು ಸಲ ಹೇಳಿದಳು. ನಾನೂ ಒಂದು ಮಾತು ಹೇಳಿದೆ. "ಕಣ್ಣಾರೆ ನೋಡಿದೀವಿ ಮೇಡಂ, ಬಿಡಕ್ಕಾಗಲ್ಲ" ಅಂದರು. ಅವರು ಹೇಳಿದ್ದೂ ಸುಳ್ಳಲ್ಲ. 500 ರೂಪಾಯಿ. ಹೊಲಿಗೆ ಮೆಷಿನ್ ಮುಂದೆ ಕೂತು ಅವಳು ಇಡೀ ಒಂದು ದಿನ ದುಡಿದರೆ ಬರುವ ದುಡ್ಡು. ಹತ್ತಿರದ ಅಂಗಡಿಯವರ ಹತ್ತಿರ ಕೈಸಾಲ ತೆಗೆದುಕೊಂಡು ಕಟ್ಟಿ, ವ್ಯಾನ್ ಕಡೆಗೆ ಓಡಿದಳು.

ಅವತ್ತಿನಿಂದ ನನಗೆ ಸಮಾಧಾನವಿಲ್ಲ. ಅವಳು ಮಾಡಿದ್ದು ತಪ್ಪೇ. ಆದರೆ ಆ ತಪ್ಪಿನಲ್ಲಿ ನಮ್ಮ ಇಡೀ ಬೀದಿಯ ಪಾಲಿದೆ. ದಂಡ ಮಾತ್ರ ಅವಳೊಬ್ಬಳಿಗೆ ಬಿತ್ತು.

ಗಾಡಿ ಯಾಕೆ ಬರಲ್ಲ ಅಂತ ಹೇಳುತ್ತೇನೆ ಕೇಳಿ. ಬೆಂಗಳೂರಿನ ದಕ್ಷಿಣದ ಕಡೆ ಇರುವ ನೂರಾರು ಬೀದಿಗಳ ಹಾಗೆಯೇ ನಮ್ಮದೂ ಒಂದು. ಎರಡೂ ಕಡೆ 30x40 ಅಡಿಯ ಸೈಟುಗಳು, ಮೂರು ನಾಲ್ಕು ಮಹಡಿ ಮನೆಗಳು, ನಡುವೆ ಇಪ್ಪತ್ತಡಿಯ ರಸ್ತೆ. ಎಡಕ್ಕೊಂದು ಸಾಲು ಕಾರು, ಬಲಕ್ಕೊಂದು ಸಾಲು ಕಾರು. ಉಳಿಯುವುದು ಒಂದು ಸ್ಕೂಟರ್ ಹೋಗುವಷ್ಟು ಜಾಗ. ನಡುವಿನಲ್ಲಿರುವ ಒಂದು ಮನೆಯವರು ಹಳೆಯ ಪೇಂಟ್ ಬಕೆಟ್‌ಗೆ ಸಿಮೆಂಟ್ ತುಂಬಿಸಿ, ಅದರಲ್ಲಿ ಕಬ್ಬಿಣದ ಪೈಪು ನೆಟ್ಟು, ಮೇಲೆ "ನೋ ಪಾರ್ಕಿಂಗ್" ಬೋರ್ಡು ಸಿಕ್ಕಿಸಿ ರಸ್ತೆಯಲ್ಲೇ ಇಟ್ಟಿದ್ದಾರೆ. ಮಗನ ಕಾರು ಸಂಜೆ ಬರುವವರೆಗೂ ಆ ಜಾಗ ಕಾಯುವುದು ಆ ಬಕೆಟ್.

ಬೀದಿಯ ಇನ್ನೊಂದು ತುದಿ ಪಕ್ಕದ ಲೇಔಟ್‌ಗೆ ಕೂಡುತ್ತದೆ. ಅಲ್ಲಿ ಅವರು ಚೈನು ಹಾಕಿ ಬೀಗ ಜಡಿದಿದ್ದಾರೆ. "ಖಾಸಗಿ ರಸ್ತೆ, ಹೊರಗಿನವರಿಗೆ ಪ್ರವೇಶವಿಲ್ಲ" ಅಂತ ಬೋರ್ಡು. ಹಾಗಾಗಿ ಕಸದ ಆಟೋ ಟಿಪ್ಪರ್ ಒಳಗೆ ಬಂದರೆ ಆ ಕಡೆಯಿಂದ ಹೊರಗೆ ಹೋಗುವ ಹಾಗಿಲ್ಲ. ಎರಡು ಸಾಲು ಕಾರಿನ ನಡುವೆ ರಿವರ್ಸ್ ಬರಬೇಕು. ಹಿಂದೊಮ್ಮೆ ಹಾಗೆ ಬರುವಾಗ ಯಾರದೋ ಕಾರಿನ ಕನ್ನಡಿ ಮುರಿಯಿತು. ಡ್ರೈವರ್‌ನನ್ನು ಕೆಳಗಿಳಿಸಿ ಬಾಯಿಗೆ ಬಂದ ಹಾಗೆ ಬೈದರು. ಅವತ್ತಿನಿಂದ ಆತ ಒಳಗೆ ಬರುವುದಿಲ್ಲ. ಬೀದಿಯ ಬಾಯಲ್ಲಿ ಹಾಡು ಹಾಕಿಕೊಂಡು ಎರಡು ನಿಮಿಷ ನಿಲ್ಲುತ್ತಾನೆ. ಮೂರನೇ ಮಹಡಿಯ ಅಜ್ಜಿ ಬುಟ್ಟಿ ಹಿಡಿದು ಇಳಿಯುವಷ್ಟರಲ್ಲಿ ಗಾಡಿ ಹೊರಟುಹೋಗಿರುತ್ತದೆ. ಅಜ್ಜಿ ಬುಟ್ಟಿ ವಾಪಸ್ ಒಯ್ಯುತ್ತಾರೆ. ಎಲ್ಲರೂ ಒಯ್ಯುವುದಿಲ್ಲ. ಟ್ರಾನ್ಸ್‌ಫಾರ್ಮರ್ ಪಕ್ಕದ ಗುಡ್ಡೆ ಶುರುವಾಗಿದ್ದು ಹೀಗೆ.

ನಮ್ಮ ಬೀದಿ ಗುಡಿಸುವ ಅಕ್ಕ ಒಂದು ದಿನ ನನ್ನನ್ನು ಕರೆದು ತೋರಿಸಿದರು. ಒಂದು ಬಿಳಿ ಕಾರು ಎರಡು ತಿಂಗಳಿಂದ ಕದಲಿಲ್ಲ. ಅದರ ಕೆಳಗೆ ಹೊಂಗೆ ಎಲೆ, ಗುಟ್ಕಾ ಚೀಟಿ, ಮಾಸ್ಕು, ಒಂದು ಮಗುವಿನ ಚಪ್ಪಲಿ. ಪೊರಕೆ ಅಷ್ಟು ದೂರ ಹೋಗುವುದಿಲ್ಲ. ಆಕೆ ಮಂಡಿಯೂರಿ ಕೈ ಹಾಕಿ ಎಳೆಯುತ್ತಿದ್ದರು. "ಮಳೆ ಬಂದ್ರೆ ಇದೆಲ್ಲಾ ಮೋರಿಗೇ ಹೋಗೋದಮ್ಮಾ. ಆಮೇಲೆ ಮೋರಿ ಕಟ್ಕೊಂಡ್ರೆ ನಮ್ಮನ್ನೇ ಬೈತಾರೆ" ಅಂದರು. ಪಾರ್ಕಿಂಗ್ ಜಗಳ ಬೇರೆ, ಕಸದ ಸಮಸ್ಯೆ ಬೇರೆ ಅಂತ ನಾನು ಅಂದುಕೊಂಡಿದ್ದೆ. ಅವತ್ತು ಆಕೆ ಪಕ್ಕ ನಿಂತು ನೋಡಿದಾಗ ಎರಡೂ ಒಂದೇ ಅಂತ ಗೊತ್ತಾಯಿತು.

ಈ "ಖಾಸಗಿ ರಸ್ತೆ" ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಲೇಔಟ್‌ಗೆ ಒಪ್ಪಿಗೆ ಸಿಗಬೇಕಾದರೆ ಅದರೊಳಗಿನ ರಸ್ತೆ, ಪಾರ್ಕುಗಳನ್ನು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಬರೆದುಕೊಡಬೇಕು. ಹಾಗೆ ಬರೆದುಕೊಟ್ಟ ಮೇಲೆ ಅದು ಎಲ್ಲರ ರಸ್ತೆ. ಅಸೋಸಿಯೇಷನ್‌ನವರು ಗಿಡ ನೆಟ್ಟಿರಬಹುದು, ಸೆಕ್ಯೂರಿಟಿಗೆ ಸಂಬಳ ಕೊಡುತ್ತಿರಬಹುದು. ಆದರೂ ಬೀಗದ ಕೈ ಅವರದ್ದಾಗುವುದಿಲ್ಲ. ಒಪ್ಪಿಗೆಯೇ ಇಲ್ಲದ ರೆವಿನ್ಯೂ ಲೇಔಟ್‌ಗಳ ಕಥೆ ಇನ್ನೂ ಗೋಜಲು. ಅಲ್ಲಿ ರಸ್ತೆ ಯಾರದು ಅಂತ ಕೇಳಿದರೆ ಪ್ರತಿಯೊಬ್ಬರೂ ಒಂದೊಂದು ಕಾಗದ ತೋರಿಸುತ್ತಾರೆ. ಟಾರು ಹಾಕಿಸಿಕೊಳ್ಳುವಾಗ ಸರ್ಕಾರದ ರಸ್ತೆ, ಬೇರೆಯವರು ಗಾಡಿ ನಿಲ್ಲಿಸಿದರೆ ನಮ್ಮ ರಸ್ತೆ. ಇದು ನ್ಯಾಯವಲ್ಲ.

ನಮ್ಮ ಮನೆ ಮುಂದಿನ ರಸ್ತೆಯೂ ಅಷ್ಟೇ, ನಮ್ಮದಲ್ಲ. ಯಾರ ಗೇಟಿಗೂ ಅಡ್ಡ ನಿಲ್ಲಿಸಬಾರದು, ಅದು ಸರಿ. ಆದರೆ ಗೇಟು ಬಿಟ್ಟು ಪಕ್ಕದಲ್ಲಿ ನಿಂತ ಗಾಡಿಯ ಟೈರಿನ ಗಾಳಿ ತೆಗೆಯುವ ಹಕ್ಕು ಯಾರಿಗೂ ಇಲ್ಲ. ನಮ್ಮ ಬೀದಿಯಲ್ಲಿ ಅದೂ ಆಗಿದೆ. ನೈಟ್ ಡ್ಯೂಟಿ ಮುಗಿಸಿ ಬಂದ ನರ್ಸ್ ಒಬ್ಬರ ಸ್ಕೂಟರ್ ಮೇಲೆ ಗೀಚಿದ್ದರು. ಆಕೆ ಬಾಡಿಗೆಗೆ ಇದ್ದವರು. ಯಾರನ್ನೂ ಕೇಳದೆ ಮುಂದಿನ ತಿಂಗಳೇ ಮನೆ ಖಾಲಿ ಮಾಡಿದರು.

ಬಕೆಟ್ ಇಟ್ಟ ಮನೆಯ ಅಂಕಲ್ ಜೊತೆ ಕಳೆದ ಭಾನುವಾರ ಮಾತಾಡಿದೆ. ಒಳ್ಳೆಯವರು. ಕಾಫಿ ಕೊಟ್ಟೇ ಮಾತಿಗೆ ಕೂರಿಸಿದರು. "ನಮ್ ಹುಡುಗನ ಕಾರು ಎಲ್ಲಿಡೋದು ಹೇಳಮ್ಮಾ?" ಅಂದರು. ನ್ಯಾಯವಾದ ಪ್ರಶ್ನೆ. ಆದರೆ ಅವರ ಮನೆಯ ಪ್ಲ್ಯಾನಿನಲ್ಲಿ ನೆಲಮಹಡಿ ಪಾರ್ಕಿಂಗ್ ಅಂತಲೇ ಇತ್ತಂತೆ. ಈಗ ಅಲ್ಲಿ ಟೈಲರ್ ಅಂಗಡಿ, ಹಿಂದೆ ಒಂದು ಕೋಣೆ ಬಾಡಿಗೆಗೆ. ಬಾಡಿಗೆ ಅವರ ಜೇಬಿಗೆ, ಕಾರು ರಸ್ತೆಗೆ. ಅವರೊಬ್ಬರೇ ಅಲ್ಲ. ನಮ್ಮ ಬೀದಿಯಲ್ಲಿ ಎಣಿಸಿದೆ. 26 ಮನೆಗಳಲ್ಲಿ 11ರ ಪಾರ್ಕಿಂಗ್ ಜಾಗ ಅಂಗಡಿಯೋ ಮನೆಯೋ ಆಗಿದೆ. ಬೆಂಗಳೂರಿನಲ್ಲಿ ಗಾಡಿಗಳ ಸಂಖ್ಯೆ ಒಂದು ಕೋಟಿ ದಾಟಿ ವರ್ಷಗಳಾದವು. ರಸ್ತೆಯಲ್ಲಿ ಕಾರು ನಿಲ್ಲಿಸಲು ವರ್ಷಕ್ಕಿಷ್ಟು ಅಂತ ಪರ್ಮಿಟ್ ಕೊಡುವ ಮಾತು 2021ರ ಹೊತ್ತಿಗೇ ಪಾರ್ಕಿಂಗ್ ನೀತಿಯಲ್ಲಿ ಬಂದಿತ್ತು. ನಮ್ಮ ಬೀದಿಗೆ ಇವತ್ತಿಗೂ ಬಂದಿಲ್ಲ. 2022ರ ಫೆಬ್ರುವರಿಯಲ್ಲಿ ಟೋಯಿಂಗ್ ಕೂಡ ನಿಲ್ಲಿಸಿದರು. ಟೋಯಿಂಗ್ ಮಾಡುವವರ ದರ್ಪ ಜನಕ್ಕೆ ಸಾಕಾಗಿತ್ತು, ಅದು ನಿಜ. ಆದರೆ ಅದರ ಜಾಗಕ್ಕೆ ಇನ್ನೇನಾದರೂ ಬರಬೇಕಿತ್ತು ಅಲ್ವಾ?

ಇನ್ನು ಕಸದ ಡಬ್ಬಿ. ನಾನು ಚಿಕ್ಕವಳಿದ್ದಾಗ ಬೀದಿ ಕೊನೆಗೆ ಸಿಮೆಂಟಿನ ತೊಟ್ಟಿ ಇರುತ್ತಿತ್ತು. ಹಸು, ನಾಯಿ, ಬೆಂಕಿ, ಹೊಗೆ, ಎಲ್ಲಾ ಅದರ ಸುತ್ತಲೇ. 2000ದ ಆಸುಪಾಸಿನಲ್ಲಿ ಮನೆ ಮನೆಗೆ ಬಂದು ಕಸ ತೆಗೆದುಕೊಳ್ಳುವ ಕ್ರಮ ಶುರುವಾಗಿ ತೊಟ್ಟಿಗಳು ಒಂದೊಂದಾಗಿ ಹೋದವು. ಅದು ತಪ್ಪು ಅಂತ ನಾನು ಹೇಳಲ್ಲ. ತೊಟ್ಟಿಯ ಕಸ ಕೊನೆಗೆ ಹೋಗಿ ಬೀಳುತ್ತಿದ್ದದ್ದು ಯಾರದೋ ಊರಿನಲ್ಲಿ. ಮಾವಳ್ಳಿಪುರದ ಜನ 2012ರಲ್ಲಿ ಇನ್ನು ಸಾಕು ಅಂದರು. ಮಂಡೂರಿನವರು ಲಾರಿಗೆ ಅಡ್ಡ ನಿಂತ ಮೇಲೆ 2014ರ ಕೊನೆಗೆ ಅಲ್ಲಿಗೂ ಕಸ ಹೋಗುವುದು ನಿಂತಿತು. ಅವರ ಬಾವಿ ನೀರು ಹಾಳಾದದ್ದು ನಮ್ಮ ಮನೆಗಳ ಕಸದಿಂದ. 2015ರಲ್ಲಿ ಹೈಕೋರ್ಟ್ ಎರಡು ಬುಟ್ಟಿ ಒಂದು ಚೀಲ ಅಂತ ಹೇಳಿದಾಗ ನಾನೂ ಅವತ್ತೇ ಹೋಗಿ ಹಸಿ ಕಸಕ್ಕೆ ಹಸಿರು ಬುಟ್ಟಿ, ಡಯಾಪರ್ ಥರದ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ ತಂದೆ. ಇವತ್ತಿಗೂ ಹಾಗೇ ಬೇರೆ ಮಾಡಿ ಇಡುತ್ತೇವೆ.

ಆದರೆ ಇದೆಲ್ಲ ಮನೆಯಲ್ಲಿ ಇರುವವರಿಗೆ. ಬೀದಿಯಲ್ಲಿ ಇರುವವರಿಗೆ? ಬಸ್ ಸ್ಟಾಪಿನಲ್ಲಿ ಬಾಳೆಹಣ್ಣು ತಿಂದವನು ಸಿಪ್ಪೆ ಎಲ್ಲಿ ಹಾಕಬೇಕು? ಕೆಲವು ವರ್ಷದ ಹಿಂದೆ ಮೇನ್ ರೋಡಿನಲ್ಲಿ ಜೋಡಿ ಡಬ್ಬಿ ನಿಲ್ಲಿಸಿದ್ದರು. ನಮ್ಮ ಕಡೆ ಈಗ ಉಳಿದಿರುವುದು ಅದರ ಕಂಬ ಮಾತ್ರ. ಹೋದ ಕಾರ್ತಿಕದಲ್ಲಿ ಅಮ್ಮನ ಜೊತೆ ಕಡಲೆಕಾಯಿ ಪರಿಷೆಗೆ ಹೋಗಿದ್ದೆ. ದೊಡ್ಡ ಬಸವಣ್ಣನ ಗುಡಿಯಿಂದ ಹೊರಟು ಬಸ್ ಹತ್ತುವವರೆಗೂ ಅಮ್ಮ ತಿಂದ ಕಾಯಿಯ ಸಿಪ್ಪೆಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡೇ ಬಂದಳು. ದಾರಿಯುದ್ದಕ್ಕೂ ಒಂದು ಡಬ್ಬಿ ಕಣ್ಣಿಗೆ ಬೀಳಲಿಲ್ಲ. ಮನೆಗೆ ಬಂದು ಗಂಟು ಬಿಚ್ಚಿ ಕುಂಡದ ಬುಡಕ್ಕೆ ಹಾಕಿದಳು. ಎಪ್ಪತ್ತು ದಾಟಿದ ಹೆಂಗಸಿಗೆ ಇರುವ ಕಾಳಜಿ ಎಲ್ಲರಿಗೂ ಇದ್ದರೆ ಚೆನ್ನ. ಆದರೆ ಊರನ್ನು ಸೆರಗಿನ ಮೇಲೆ ನಡೆಸುವುದಕ್ಕಾಗಲ್ಲ.

ಡಬ್ಬಿ ಇಟ್ಟರೆ ಮನೆ ಕಸ ತಂದು ತುಂಬುತ್ತಾರೆ ಅನ್ನುವ ವಾದ ಇದೆ. ತುಂಬುತ್ತಾರೆ, ನಾನೇ ನೋಡಿದ್ದೇನೆ. ಬಾಯಿ ಚಿಕ್ಕದಾಗಿ ಮಾಡಿ, ದಿನಕ್ಕೆ ಎರಡು ಸಲ ಖಾಲಿ ಮಾಡಿ. ಎಲ್ಲಾ ಬೀದಿಗೂ ಬೇಡ. ಬಸ್ ಸ್ಟಾಪು, ಮಾರ್ಕೆಟ್ಟು, ದೇವಸ್ಥಾನ, ಶಾಲೆ, ಆಸ್ಪತ್ರೆ ಬಾಗಿಲು, ಎಳನೀರು ಗಾಡಿ ನಿಲ್ಲುವ ಕಡೆ. ಮತ್ತೆ ಬೆಳಿಗ್ಗೆ ಐದೂವರೆಗೇ ಮನೆ ಬಿಡುವವರಿಗೆ, ಪಿಜಿ ಹುಡುಗರಿಗೆ, ಸಂಜೆ ಹೊತ್ತು ಕಸ ಕೊಡುವ ಒಂದು ಜಾಗ ಬೇಕೇ ಬೇಕು. 2025ರ ಏಪ್ರಿಲ್‌ನಿಂದ ಕಸಕ್ಕೆ ಶುಲ್ಕ ಕೊಡುತ್ತಿದ್ದೇವೆ. ಕಟ್ಟಡದ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ, ಆಸ್ತಿ ತೆರಿಗೆ ಜೊತೆಗೇ ಸೇರಿ ಬರುತ್ತದೆ. ದುಡ್ಡು ಕೊಟ್ಟ ಮೇಲೆ ಗಾಡಿ ಬಾಗಿಲಿಗೆ ಬರಲಿ ಅನ್ನುವುದು ಅತಿಯಾಸೆ ಅಲ್ಲ.

ದಂಡ ಬೇಡ ಅಂತ ನಾನು ಹೇಳುತ್ತಿಲ್ಲ. ರಾತ್ರಿ ಹೊತ್ತು ಕಾರಿನ ಕಿಟಕಿ ಇಳಿಸಿ ರಾಜಕಾಲುವೆಗೆ ಕವರ್ ಎಸೆದು ಹೋಗುವವರಿದ್ದಾರೆ. ಮನೆ ಒಡೆದ ಮಣ್ಣನ್ನು ಟ್ರ್ಯಾಕ್ಟರ್‌ನಲ್ಲಿ ತಂದು ಕೆರೆ ಏರಿ ಪಕ್ಕ ಸುರಿಯುವವರಿದ್ದಾರೆ. ಅವರಿಗೆ ಎಷ್ಟು ಹಾಕಿದರೂ ಕಮ್ಮಿ. 2019ರಲ್ಲಿ ಮಾರ್ಷಲ್‌ಗಳು ಬಂದಾಗ ನನಗೆ ಖುಷಿಯೇ ಆಗಿತ್ತು. 2025ರ ಅಕ್ಟೋಬರ್ ಕೊನೆಗೆ, ರಸ್ತೆಗೆ ಕಸ ಎಸೆದವರ ಮನೆ ಮುಂದೆಯೇ ಕಸ ಸುರಿದು ದಂಡ ಹಾಕಿದರಲ್ಲ, ಆ ವಿಡಿಯೋಗೆ ನಮ್ಮ ಗುಂಪುಗಳಲ್ಲೆಲ್ಲ ಚಪ್ಪಾಳೆ. ನನಗೆ ಆ ದಿನ ಚಪ್ಪಾಳೆ ಹೊಡೆಯಲು ಮನಸ್ಸು ಬರಲಿಲ್ಲ. ಆ ಕಸವನ್ನು ಮತ್ತೆ ಎತ್ತುವುದು ಯಾರು? ಅದೇ ಪೌರಕಾರ್ಮಿಕರು. ಇನ್ನೊಂದು ನೆನಪು. 2020ರ ಅಕ್ಟೋಬರ್‌ನಲ್ಲಿ ನಗರದಲ್ಲಿ ಮಾಸ್ಕ್ ದಂಡವನ್ನು 1000 ರೂಪಾಯಿಗೆ ಏರಿಸಿದ್ದರು. ಜನ ಗಲಾಟೆ ಮಾಡಿದ ಮೇಲೆ ಕೆಲವೇ ದಿನದಲ್ಲಿ 250ಕ್ಕೆ ಇಳಿಸಬೇಕಾಯಿತು. ಮೊತ್ತ ದೊಡ್ಡದಾದಷ್ಟೂ ಜನ ಕೆಲಸ ಮರೆತು ದಂಡದ ಬಗ್ಗೆಯೇ ಜಗಳ ಆಡುತ್ತಾರೆ.

ನನ್ನ ತಕರಾರು ಇಷ್ಟೇ. ಕಸ ಹಾಕಿದ ಹುಡುಗಿಗೆ ರಸೀದಿ ಬರೆಯುವ ಮೊದಲು ಇಪ್ಪತ್ತು ಹೆಜ್ಜೆ ಒಳಗೆ ಬಂದು ನೋಡಿ. ರಸ್ತೆಯಲ್ಲಿ ಬಕೆಟ್ ಇದೆ. ಚೈನು ಇದೆ. ಎರಡು ತಿಂಗಳಿಂದ ಕದಲದ ಕಾರಿದೆ. ಇವು ಓಡಿಹೋಗುವುದಿಲ್ಲ, ಆರೂವರೆಗೆ ಕಾದು ಹಿಡಿಯಬೇಕಾಗಿಯೂ ಇಲ್ಲ. ಮಧ್ಯಾಹ್ನ ಬಂದರೂ ಸಿಗುತ್ತವೆ. ಮೊದಲ ರಸೀದಿ ಅವಕ್ಕೆ ಬರೆಯಿರಿ. ಗಾಡಿಗೆ ದಾರಿ ಆಗಲಿ. ಆಮೇಲೂ ಗುಡ್ಡೆ ಬಿದ್ದರೆ ನಾನೇ ನಿಂತು ತೋರಿಸುತ್ತೇನೆ.

ಗಾಡಿಗೆ ದಾರಿ ಬಿಡುವ ಕೆಲಸ ಮೊದಲು ನಮ್ಮ ಮನೆಯಿಂದಲೇ ಶುರು ಮಾಡಿದೆ. ನಮ್ಮ ಗೇಟ್ ಹೊರಗೆ ನಿಲ್ಲುತ್ತಿದ್ದ ಸ್ಕೂಟರ್ ಈಗ ಒಳಗೆ, ತುಳಸಿ ಕಟ್ಟೆ ಪಕ್ಕ. ಒಂದೇ ಸಾಲಿನಲ್ಲಿ ಕಾರು ನಿಲ್ಲಿಸೋಣ, ತಿಂಗಳಿಗೊಮ್ಮೆ ಬದಿ ಬದಲಿಸೋಣ ಅಂತ ಮನೆ ಮನೆಗೆ ಹೋಗಿ ಕೇಳುತ್ತಿದ್ದೇನೆ. ಪಕ್ಕದ ಲೇಔಟ್‌ನವರಿಗೂ ಒಂದು ಅರ್ಜಿ ಬರೆದಿದ್ದೇವೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ಆ ಚೈನು ತೆಗೆದಿಡಿ, ಗಾಡಿ ಆ ಕಡೆಯಿಂದ ಹೊರಗೆ ಹೋಗಲಿ ಅಂತ. ಇದುವರೆಗೆ 14 ಮನೆಯವರು ಸಹಿ ಹಾಕಿದ್ದಾರೆ. ಬಕೆಟ್ ಅಂಕಲ್ ಎರಡು ದಿನ ಯೋಚಿಸಿ ನಿನ್ನೆ ಹಾಕಿದರು. ಆ ಹುಡುಗಿ ಕೆಲಸದಿಂದ ಬರುವುದು ರಾತ್ರಿ ಎಂಟಾಗುತ್ತದಂತೆ. ಇವತ್ತು ಊಟಕ್ಕೆ ಮೊದಲು ಕಾಗದ ಹಿಡಿದು ಅವಳ ಮನೆಗೆ ಹೋಗಬೇಕು.