“ಬೇಗ ಬೆಳೆಯುತ್ತೆ ಸಾರ್”

ಇವತ್ತು ಬೆಳಿಗ್ಗೆ ಬಡಾವಣೆಯ ಪಾರ್ಕಿನ ಮುಂದೆ ಒಂದು ಟ್ರ್ಯಾಕ್ಟರ್ ತುಂಬ ಸಸಿ ಬಂದಿಳಿಯಿತು. ವನಮಹೋತ್ಸವ! ಇಣುಕಿ ನೋಡಿದರೆ ಪೂರ್ತಿ ಕೊನೊಕಾರ್ಪಸ್. ಬೇಲಿಯುದ್ದಕ್ಕೂ ಮೂರಡಿಗೊಂದು ನೆಡ್ತಾರಂತೆ. ಯಾಕಪ್ಪಾ ಇದು ಅಂದರೆ ಗುತ್ತಿಗೆದಾರರದ್ದು ಒಂದೇ ಮಾತು: “ಬೇಗ ಬೆಳೆಯುತ್ತೆ ಸಾರ್.”

ಪಾರ್ಥೇನಿಯಂ ಇನ್ನೂ ಬೇಗ ಬೆಳೆಯುತ್ತೆ. ಅದಕ್ಕೆ ಯಾರೂ ಗುಂಡಿ ತೋಡಲ್ಲ.

ಈ ಕೊನೊಕಾರ್ಪಸ್ ಕಡಲಂಚಿನ ಉಪ್ಪುನೆಲಕ್ಕೆ ಒಗ್ಗಿದ ಹೊರದೇಶದ ಗಿಡ. ನೀರು ಹುಡುಕಿಕೊಂಡು ಬೇರು ಪೈಪು, ಚರಂಡಿಗೆ ನುಗ್ಗುತ್ತೆ. ಗುಜರಾತ್ ಸರ್ಕಾರ 2023ರಲ್ಲೇ ಇದನ್ನು ನೆಡಬೇಡಿ ಅಂತ ನಿಷೇಧಿಸಿತು. ನಾವು ತುಮಕೂರಿನ ಕೆಂಪು ಗರಸು ನೆಲಕ್ಕೆ ಹೊತ್ತು ತರ್ತಿದ್ದೀವಿ.

“ದೇಶಿ ಗಿಡಾನೂ ಇದೆ” ಅಂತ ಮೂಲೆಯಲ್ಲಿದ್ದ ನಾಲ್ಕು ಸೀತಾ ಅಶೋಕ ತೋರಿಸಿದರು. ಅದು ಮಲೆನಾಡಿನ ಹಳ್ಳದ ದಂಡೆಯ, ನೆರಳು–ತೇವದ ಮರ. ನಮ್ಮ ಏಪ್ರಿಲ್ ಬಿಸಿಲಿಗೆ ಎಲೆ ಸುಟ್ಟುಕೊಂಡು ನಿಲ್ಲುತ್ತೆ. ದೇಶಿ ಅಂದರೆ ಭಾರತದ ನಕ್ಷೆಯೊಳಗೆ ಎಲ್ಲಿಂದಲಾದರೂ ತರೋದಲ್ಲ ಸ್ವಾಮಿ, ಈ ಮಣ್ಣು, ಈ ಮಳೆ ನೋಡಿ ಆರಿಸೋದು. ದೇವರಾಯನದುರ್ಗದ ಗುಡ್ಡದಲ್ಲಿ ಯಾರೂ ನೀರು ಹಾಕದೆ ನಿಂತಿರೋದು ಏನು ಅಂತ ನೋಡಿದರೆ ಅರ್ಧ ಪಟ್ಟಿ ಸಿಕ್ಕಿತು: ಜಾಲಾರಿ, ದಿಂಡಿಗ, ಕಕ್ಕೆ, ಮುತ್ತುಗ. ರಸ್ತೆ ಬದಿಗೆ ಹೊಂಗೆ, ಬೇವು. ಕೆರೆ ಏರಿಯ ಹತ್ತಿರ, ನೀರು ನಿಲ್ಲೋ ಕಡೆ ಹೊಳೆಮತ್ತಿ, ನೇರಳೆ. ಕರೆಂಟ್ ತಂತಿ ಕೆಳಗೆ ಪಾರಿಜಾತ, ಬಸವನಪಾದ. ಅಲ್ಲಿ ಹೊಂಗೆ ಇಟ್ಟರೆ ಐದಾರು ವರ್ಷಕ್ಕೆ ಲೈನ್‌ಮನ್ ಬಂದು ತಲೆ ಕಡೀತಾನೆ.

ಬೇಲಿಗೆ ಬೇಗ ಬೆಳೆಯೋದೇ ಬೇಕಾ? ಬಂದರಿಕೆ, ಲಕ್ಕಿ, ಆಡುಸೋಗೆ ಎರಡಡಿಗೊಂದು ಹಾಕಿ. ಲಕ್ಕಿ, ಆಡುಸೋಗೆ ಮಳೆಗಾಲದಲ್ಲಿ ಕಡ್ಡಿ ಊರಿದರೇ ಚಿಗುರುತ್ತವೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಆಡುಸೋಗೆಯನ್ನು ಅದೂ ಮೂಸಿ ಬಿಟ್ಟುಬಿಡುತ್ತೆ. ಬೇಲಿಗೆ ಇನ್ನೇನು ಬೇಕು?

“ನರ್ಸರೀಲಿ ಸಿಗಲ್ಲ” ಅನ್ನೋದು ಮುಂದಿನ ರಾಗ. ಹೇಗೆ ಸಿಗುತ್ತೆ? ಬೇವಿನ ಬೀಜ ಉದುರಿದ ಎರಡು ಮೂರು ವಾರದೊಳಗೆ ಬಿತ್ತಬೇಕು, ಆಮೇಲೆ ಮೊಳಕೆ ಕೈಕೊಡುತ್ತೆ. ಕಕ್ಕೆ ಬೀಜದ ಸಿಪ್ಪೆ ಕಲ್ಲು. ಉಜ್ಜಿ ಗೀರು ಹಾಕಿ ರಾತ್ರಿ ನೆನೆಸಬೇಕು. ದಿಂಡಿಗದಲ್ಲಿ ಬಹುಪಾಲು ಬೀಜ ಜಳ್ಳು. ಮುತ್ತುಗ ಆಳಕ್ಕೆ ಬೇರು ಬಿಡುತ್ತೆ, ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತೆ. ನಿಲ್ಲಬೇಕಾದ ಜಾಗದಲ್ಲೇ ಬೀಜ ಹಾಕೋದು ವಾಸಿ. ಒಂದು ವರ್ಷ ಮೊದಲೇ ಇಷ್ಟು ಸಸಿ ಬೇಕು ಅಂತ ಹೇಳಿದರೆ ಬೆಳೆಸಿಕೊಡ್ತಾರೆ. ಟೆಂಡರ್ ಕರೆದ ಮರುವಾರ ಕೇಳಿದರೆ ಸಿಗೋದು ಕೊನೊಕಾರ್ಪಸ್ಸೇ.

ಈಗ ಕೆಲವರು ಹಿಂದೆ ಲಾಲ್‌ಬಾಗ್ ನೋಡಿಕೊಂಡಿದ್ದ ಜರ್ಮನ್ ತೋಟಗಾರ ಕ್ರುಂಬಿಗಲ್ ಹೆಸರು ಎತ್ತುತ್ತೀರಿ, ಗೊತ್ತು. ಬೆಂಗಳೂರಿನ ಗುಲ್‌ಮೊಹರ್, ಜಕರಾಂಡ ಎಲ್ಲ ಹೊರಗಿನವೇ ಅಲ್ಲವಾ ಅಂತ. ಹೌದು. ಟಬೆಬುಯಾ ಅರಳಿದಾಗ ನಾನೂ ಗಾಡಿ ನಿಲ್ಲಿಸಿ ಬಾಯಿಬಿಟ್ಟುಕೊಂಡು ನೋಡ್ತೀನಿ. ಆದರೆ ಆತ ಯಾವ ರಸ್ತೆಗೆ ಯಾವ ಮರ, ಯಾವ ತಿಂಗಳು ಯಾವ ಹೂವು ಅಂತ ಲೆಕ್ಕ ಹಾಕಿ ನೆಡಿಸಿದ. ಇವರದ್ದು ಟ್ರ್ಯಾಕ್ಟರಿನಲ್ಲಿ ಬಂದಿದ್ದೇ ಲೆಕ್ಕ.

ಇನ್ನು ನೆಡೋ ಚಂದ! ಗುಂಡಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ ಇರಬೇಕು. ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಡಬೇಕು. ಮೂರು ಬಾಂಡಲಿ ಮೇಲ್ಮಣ್ಣಿಗೆ ಒಂದು ಬಾಂಡಲಿ ಕೊಳೆತ ಗೊಬ್ಬರ. ಹಸಿ ಸಗಣಿ ಹಾಕಿದರೆ ಗೆದ್ದಲು ಖಚಿತ. ಪ್ಲಾಸ್ಟಿಕ್ ಕವರ್ ಹರಿದು ತೆಗೀರಪ್ಪಾ, ಅದರ ಸಮೇತ ಹೂಳಬೇಡಿ. ಒಳಗೆ ಬೇರು ಸಿಂಬೆ ಸುತ್ತಿದ್ದರೆ ಸುತ್ತು ಕತ್ತರಿಸಿ; ಹಾಗೇ ಬಿಟ್ಟರೆ ದಪ್ಪಗಾಗುತ್ತಾ ತನ್ನ ಬುಡವನ್ನೇ ಬಿಗಿಯುತ್ತೆ, ಹತ್ತು ವರ್ಷದ ಮರ ಒಂದು ಗಾಳಿಗೆ ಮಲಗುತ್ತೆ. ಬುಡ ನೆಲದ ಮಟ್ಟಕ್ಕಿರಲಿ, ಕಾಂಡ ಹೂತರೆ ಕೊಳೆಯುತ್ತೆ. ಮೂರು ಇಂಚು ತರಗು ಮುಚ್ಚಿ, ಕಾಂಡದಿಂದ ಒಂದು ಗೇಣು ದೂರ. ಮೊದಲ ಎರಡು ಬೇಸಿಗೆ ವಾರಕ್ಕೊಂದು ಸಲ ಇಪ್ಪತ್ತು ಲೀಟರ್. ದಿನಾ ಒಂದೊಂದು ಚೊಂಬು ಹಾಕಿದರೆ ಬೇರು ಮೇಲೇ ಕೂರುತ್ತೆ. ದೊಡ್ಡ ಮರಗಳ ನಡುವೆ ಮೂವತ್ತಡಿ ಬೇಕು. ಬುಡದವರೆಗೆ ಸಿಮೆಂಟ್ ಮೆತ್ತೋರಿಗೆ ಏನು ಹೇಳೋದೋ ತಿಳಿಯದು.

ನಾಳೆ ಗುಂಡಿ ತೋಡ್ತಾರಂತೆ. ಎಷ್ಟು ಆಳ ಅಂದೆ. “ಒಂದಡಿ ಸಾಕು ಸಾರ್, ಇದು ಹೇಗಿದ್ದರೂ ಬೇಗ ಬೆಳೆಯುತ್ತೆ.”