ನೀರು ಕಣ್ರೀ ಅದು, ಬರೀ ನೀರು

ನೀರು ಕಣ್ರೀ ಅದು. ಬರೀ ನೀರು. ನಮ್ಮ ಕಾರಲ್ಲಿ ಅಮ್ಮ ಕಾಲಿಡೋ ಜಾಗದಲ್ಲಿ ನಿಂತಿದ್ದದ್ದು. ಬಣ್ಣ ಇರಲಿಲ್ಲ, ಜಿಡ್ಡು ಇರಲಿಲ್ಲ. ತಣ್ಣೀರು ತುಂಬಿದ ಲೋಟದ ಹೊರಗಡೆ ಹನಿ ಕೂರುತ್ತಲ್ಲ, ಅದೇ ನೀರು. ವಾಸನೆ ಇತ್ತು, ಹೌದು. ಒದ್ದೆ ಬಟ್ಟೇನ ಬಕೆಟ್ಟಲ್ಲೇ ಎರಡು ದಿನ ಮರೆತುಬಿಟ್ಟರೆ ಬರುತ್ತಲ್ಲ, ಆ ಮುಗ್ಗಲು ವಾಸನೆ. ಅದು ಯಾವ ಮೂಗಿಗೆ ಬೇರೆ ಏನೋ ಅನ್ನಿಸುತ್ತೆ? ಆ ಗ್ಯಾರೇಜಿನವನಿಗೆ ಬಾಯಿಬಿಟ್ಟು ಆ ಮಾತು ಆಡೋ ಮುಂಚೆ ಒಂದು ಸಲ ಕಾರಿನ ಕೆಳಗೆ ಬಗ್ಗಿ ನೋಡೋಕೆ ಏನಾಗಿತ್ತು?

ಇನ್ನೂ ಸರಿಯಾಗಿ ಕೈ ತೊಳೆದಿಲ್ಲ ನಾನು. ಉಗುರಿನ ಸಂದಿಯಲ್ಲಿ ಕೆಸರು ಹಾಗೇ ಇದೆ. ಕಾರಿನ ಎಸಿ ನೀರು ಹೊರಗೆ ಹೋಗೋ ಪೈಪಿಂದ ಬಂದದ್ದನ್ನ ಹಳೇ ಪೇಪರಿನ ಮೇಲೆ ಇಟ್ಟುಕೊಂಡು ಕೂತಿದೀನಿ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ಪೈಪಿನ ಆಕಾರಕ್ಕೇ ಬಿರಡೆ ಥರ ಗಟ್ಟಿಯಾಗಿದೆ. ನುಣ್ಣನೆಯ ಧೂಳು, ಕೊಳೆತ ಎಲೆಯ ನಾರು, ಯಾವುದೋ ಹುಳದ ಮುರಿದ ರೆಕ್ಕೆ, ಎಲ್ಲವನ್ನೂ ಅಂಟಿಸಿ ಹಿಡಿದಿರೋ ಕಪ್ಪು ಲೋಳೆ. ಇಷ್ಟೇ. ಇಷ್ಟಕ್ಕೋಸ್ಕರ ಅಮ್ಮ ಅಷ್ಟು ಜನರ ಮುಂದೆ ಆ ಮಾತು ಕೇಳಬೇಕಾಯ್ತು.

ಅವನು ಮ್ಯಾಟ್ ಎತ್ತಿದ. ಕೆಳಗಿನ ಕಾರ್ಪೆಟ್ ಮೇಲೆ ಅಂಗೈ ಒತ್ತಿದ, ಬೆರಳ ಸಂದಿಯಿಂದ ನೀರು ಮೇಲೆ ಬಂತು. ಕೈ ಮೂಗಿನ ಹತ್ತಿರ ಹಿಡಿದ. ಆಮೇಲೆ ಕತ್ತು ತಿರುಗಿಸಿ ಅಮ್ಮನನ್ನ ನೋಡಿದ. ಅಮ್ಮ ಆಗ ತಾನೇ ಕಾರಿಂದ ಇಳಿದು, ಮಂಡಿ ನೋವಿಗೆ ಬಾಗಿಲು ಹಿಡಿದುಕೊಂಡು ನಿಂತಿದ್ದಳು. ಅವಳನ್ನ ಮೇಲಿಂದ ಕೆಳಗೆ ಒಂದು ಸಲ ನೋಡಿದ. ಆ ನೋಟ ಇದೆಯಲ್ಲ, ಅದು ಇವತ್ತು ಬೆಳಗ್ಗೆಯಿಂದ ನನ್ನ ಕಣ್ಣ ಮುಂದಿಂದ ಹೋಗ್ತಿಲ್ಲ.

"ಮೇಡಂ, ಬೇಜಾರು ಮಾಡ್ಕೋಬೇಡಿ," ಅಂದ. ದನಿ ತಗ್ಗಿಸಿದ ಹಾಗೆ ಮಾಡಿದ, ಆದರೆ ಎಲ್ಲರಿಗೂ ಕೇಳಿಸೋ ಹಾಗೇ ಇತ್ತು. "ವಯಸ್ಸಾದವರಿಗೆ ಕಂಟ್ರೋಲ್ ಇರಲ್ಲ ಒಂದೊಂದು ಸಲ. ದೂರ ಪ್ರಯಾಣ ಬೇರೆ. ಒಂದು ಕೆಲಸ ಮಾಡೋಣ, ಸೀಟೂ ಸೇರಿಸಿ ಪೂರ್ತಿ ಕ್ಲೀನ್ ಮಾಡಿಸಿಬಿಡೋಣ."

ಪಕ್ಕದಲ್ಲಿ ತಮ್ಮ ಗಾಡಿಗೆ ಕಾಯ್ತಿದ್ದ ಇಬ್ಬರು ತಿರುಗಿ ನೋಡಿದರು. ಒಬ್ಬ ತಕ್ಷಣ ಮೊಬೈಲಿಗೆ ತಲೆ ತಗ್ಗಿಸಿದ, ತುಟಿಯಲ್ಲಿ ನಗು ಇತ್ತು. ನಾನು ನೋಡಿದೆ. ಅಮ್ಮನೂ ನೋಡಿದಳು.

ಅಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ, ತಪ್ಪು ಮಾಡಿ ಸಿಕ್ಕಿಬಿದ್ದ ಮಗು ಹೇಳೋ ಹಾಗೆ, "ನಾನೇನೂ ಮಾಡಿಲ್ಲ ಪುಟ್ಟಿ" ಅಂದಳು.

ಸೀಟು ಒಣಗಿತ್ತು ರೀ! ಬೆಣಚುಕಲ್ಲಿನ ಹಾಗೆ ಒಣಗಿತ್ತು! ಕೂತಿರೋ ಸೀಟು ಒಣಗಿದೆ, ಕಾಲಿಡೋ ಜಾಗದಲ್ಲಿ ಮಾತ್ರ ನೀರು ನಿಂತಿದೆ, ಅದೂ ಡ್ಯಾಶ್‌ಬೋರ್ಡಿನ ಅಡಿಯಿಂದ ಹಿಂದಕ್ಕೆ ಹರಿದು ಬಂದಿದೆ. ಸೀಟು ಮುಟ್ಟಿ ನೋಡಿದ್ದರೆ ಗೊತ್ತಾಗ್ತಿತ್ತು. ಮುಟ್ಟಲಿಲ್ಲ. ನಾನಾದರೂ ಹೇಳಬೇಕಿತ್ತು. "ಸೀಟು ಮುಟ್ಟಿ ನೋಡಿ" ಅಂತ ಮೂರು ಪದ. ನನ್ನ ಬಾಯಿಂದ ಏನು ಬಂತು ಗೊತ್ತಾ? "ಸರಿ, ಕ್ಲೀನ್ ಮಾಡಿ" ಅಂತ ಬಂತು. ಅಮ್ಮನ ಎದುರಿಗೇ "ಸರಿ" ಅಂದೆ. ಅಲ್ಲಿಂದ ಹೊರಟರೆ ಸಾಕಾಗಿತ್ತು ನನಗೆ. ಆದರೆ "ಸರಿ" ಅಂದರೆ ಏನರ್ಥ? ಅವನು ಹೇಳಿದ್ದು ನಿಜ ಅಂತ ಒಪ್ಪಿಕೊಂಡ ಹಾಗಾಯ್ತಲ್ಲ. ಅಮ್ಮನಿಗೆ ಹಾಗೇ ಕೇಳಿಸಿರುತ್ತೆ.

ಬಿಡಿ, ಹೋಗಲಿ. ದಿನಕ್ಕೆ ಎಷ್ಟು ಗಾಡಿ ನೋಡ್ತಾನೋ, ಎಷ್ಟು ಜನರ ಹತ್ತಿರ ಬೈಸಿಕೊಳ್ತಾನೋ, ಏನೋ ಅಂದುಬಿಟ್ಟ. ಮನಸ್ಸಲ್ಲಿ ಕೆಟ್ಟದ್ದು ಇರಲಿಕ್ಕಿಲ್ಲ. ಹೀಗೆ ಅಂದುಕೊಂಡು ಸಮಾಧಾನ ಮಾಡಿಕೊಂಡೆ. ಒಂದು ಗಂಟೆ ತಡೆಯಿತು ಆ ಸಮಾಧಾನ. ಇಲ್ಲ, ಆಗಲ್ಲ. ಬಿಡೋಕೆ ಆಗಲ್ಲ ನನ್ನ ಕೈಲಿ.

ಯಾಕಂದ್ರೆ ಅವನಿಗೆ ಗೊತ್ತಿತ್ತು. ಪೈಪ್ ಬಿಡಿಸಿದ ಮೇಲೆ ಫೋನ್ ಮಾಡಿ ಹೇಳಿದೆ, ಎಸಿ ನೀರು ಹೊರಗೆ ಹೋಗೋ ಪೈಪು ಕಟ್ಟಿಕೊಂಡಿತ್ತು, ಅದೇ ಒಳಗೆ ತುಂಬಿ ಬರ್ತಿತ್ತು ಅಂತ. ಅದಕ್ಕೆ ಅವನ ಉತ್ತರ: "ಓ, ಡ್ರೈನ್ ಬ್ಲಾಕಾ ಮೇಡಂ? ಆಗುತ್ತೆ, ಕಾಮನ್ ಅದು."

ಕಾಮನ್! ಅಷ್ಟು ಸಾಮಾನ್ಯವಾದ ತೊಂದರೆ ಮೊದಲು ತಲೆಗೆ ಬರಲಿಲ್ಲ, ಎಪ್ಪತ್ತು ದಾಟಿದ ಹೆಂಗಸಿನ ಮಾನ ಮೊದಲು ತಲೆಗೆ ಬಂತಾ?

ಮುಂಚೆ ನನಗೆ ಗೊತ್ತಿರಲಿಲ್ಲ, ಒಪ್ತೀನಿ. ಈಗ ಗೊತ್ತು. ಡ್ಯಾಶ್‌ಬೋರ್ಡಿನ ಹಿಂದೆ ಒಂದು ಡಬ್ಬಿ, ಅದರೊಳಗೆ ಕೂಲಿಂಗ್ ಕಾಯಿಲ್. ಎಸಿ ಓಡ್ತಿರುವಾಗ ಅದು ಸೊನ್ನೆ ಡಿಗ್ರಿಗಿಂತ ಸ್ವಲ್ಪವೇ ಮೇಲಿರುತ್ತೆ. ಬ್ಲೋವರ್ ಅದರ ಮೇಲೆ ಗಾಳಿ ತಳ್ಳುತ್ತೆ, ಗಾಳಿಯಲ್ಲಿರೋ ತೇವ ಅಲ್ಲೇ ಹನಿಗಟ್ಟಿ ಕೆಳಗಿನ ತಟ್ಟೆಗೆ ಇಳಿಯುತ್ತೆ. ಆ ತಟ್ಟೆಯಿಂದ ಒಂದು ಚಿಕ್ಕ ಪೈಪು, ಇಂಜಿನ್ನಿಗೂ ನಾವು ಕೂರೋ ಜಾಗಕ್ಕೂ ನಡುವೆ ಇರೋ ತಗಡಿನ ಗೋಡೆ ದಾಟಿ ಹೊರಗೆ ಹೋಗುತ್ತೆ. ಎಸಿ ಹಾಕಿ ನಿಲ್ಲಿಸಿದ ಕಾರಿನ ಕೆಳಗೆ ನೀರು ತೊಟ್ಟಿಕ್ಕೋದು ಅದರಿಂದಲೇ. ಸೆಕೆಯ ದಿನ ಲೀಟರುಗಟ್ಟಲೆ ನೀರಾಗುತ್ತೆ. ಆ ಪೈಪಿನ ಬಾಯಿ ಕಟ್ಟಿತು ಅಂದರೆ ತಟ್ಟೆ ತುಂಬಿ, ಡಬ್ಬಿಯ ಜೋಡಣೆಯ ಸಂದಿಯಿಂದ ಕಾರ್ಪೆಟ್ಟಿಗೆ ಸುರಿಯುತ್ತೆ. ಬೇರೆ ದಾರಿ ಎಲ್ಲಿದೆ ಅದಕ್ಕೆ?

ಎಷ್ಟೋ ವಾರದಿಂದ ನಮ್ಮ ಕಾರು ನಿಂತ ಕಡೆ ನೆಲ ಒಣಗೇ ಇತ್ತು. ಸದ್ಯ, ಆ ತೊಟ್ಟಿಕ್ಕೋದು ನಿಂತಿತು ಅಂತ ನಾನು ಸಂತೋಷಪಟ್ಟಿದ್ದೆ. ನಿಂತದ್ದೇ ರೋಗ ಅಂತ ಹೇಳೋರು ಯಾರಿದ್ದರು? ಅಮ್ಮ ಹೇಳಿದ್ದಳು, ಪಾಪ. "ತಿರುವಲ್ಲಿ ಒಳಗೆ ಯಾರೋ ಬಿಂದಿಗೆ ತುಳುಕಿಸಿದ ಹಾಗೆ ಸದ್ದಾಗುತ್ತೆ ಕಣೆ" ಅಂತ ಎರಡು ಸಲ ಹೇಳಿದ್ದಳು. ತಟ್ಟೆಯಲ್ಲಿ ನಿಂತ ನೀರಿನ ಸದ್ದು ಅದು. ರೇಡಿಯೋ ಸದ್ದಿರಬೇಕು ಬಿಡಮ್ಮ ಅಂದಿದ್ದೆ.

ಇದು ಮೂರನೇ ಸಲ ಅಲ್ಲಿಗೆ ಹೋಗಿದ್ದು. ಮೊದಲನೇ ಸಲ "ಗ್ಯಾಸ್ ಕಮ್ಮಿಯಾಗಿದೆ" ಅಂತ ಗ್ಯಾಸ್ ತುಂಬಿದರು. ಎಸಿ ತಣ್ಣಗೇ ಬರ್ತಿತ್ತು! ತಣ್ಣಗೆ ಬರೋ ಎಸಿಗೆ ಗ್ಯಾಸ್ ಯಾಕೆ? ಎರಡನೇ ಸಲ "ಮುಂದಿನ ಗಾಜಿನ ರಬ್ಬರ್ ಲೀಕ್" ಅಂದರು. ಮಳೆ ಬಿದ್ದು ಎಷ್ಟು ದಿನ ಆಗಿತ್ತು ಅಂತ ಒಬ್ಬರೂ ಕೇಳಲಿಲ್ಲ. ಮಳೆಯಲ್ಲಿ ಮಾತ್ರ ಒದ್ದೆಯಾದರೆ ಗಾಜು, ಬಾಗಿಲು ನೋಡಬೇಕು. ಬಿಸಿಲಲ್ಲಿ ಎಸಿ ಹಾಕಿದಾಗ ಒದ್ದೆಯಾದರೆ ಡ್ರೈನ್ ನೋಡಬೇಕು. ಹೀಟರಿನ ಕೂಲೆಂಟ್, ಅಂದರೆ ಇಂಜಿನ್ ತಣ್ಣಗಿಡೋ ದ್ರವ, ಸೋರ್ತಿದೆ ಅನ್ನೋ ಅನುಮಾನ ಬಂದರೆ ಒಂದು ಬಿಳಿ ಬಟ್ಟೆ ಒತ್ತಿ ನೋಡಿದರಾಯ್ತು. ಕೂಲೆಂಟ್ ಆದರೆ ಬಣ್ಣ ಹತ್ತುತ್ತೆ, ಅಂಟಂಟಾಗಿರುತ್ತೆ, ಸಿಹಿ ಸಿಹಿ ವಾಸನೆ ಬರುತ್ತೆ. ನೀರಾದರೆ ನೀರು. ಒಂದು ತುಂಡು ಬಟ್ಟೆ ಸಿಗಲಿಲ್ವಾ ಅಷ್ಟು ದೊಡ್ಡ ಜಾಗದಲ್ಲಿ?

ಗ್ಯಾರೇಜಲ್ಲಿ ಕೆಲಸ ಮಾಡೋರು ಯಾರಾದರೂ ಇದನ್ನ ಓದ್ತಿದ್ದರೆ ದಯವಿಟ್ಟು ಉತ್ತರ ಕೊಡಿ. ಬೈಯೋಕೆ ಕೇಳ್ತಿಲ್ಲ, ನಿಜವಾಗ್ಲೂ ಗೊತ್ತಾಗಬೇಕು ನನಗೆ. ಕಾಲ ಬಳಿ ಒದ್ದೆ ಅಂತ ಒಬ್ಬರು ಬಂದರೆ ನೀವು ಮೊದಲು ಏನು ನೋಡ್ತೀರಿ? ಎಸಿ ಹಾಕಿ ಹದಿನೈದು ನಿಮಿಷ ನಿಲ್ಲಿಸಿ, ಕೆಳಗೆ ನೀರು ಬೀಳ್ತಿದೆಯಾ ಅಂತ ನೋಡೋದು ಅಷ್ಟು ಕಷ್ಟವಾ? ಮೂರು ಜಾಬ್ ಕಾರ್ಡೂ ಇಲ್ಲೇ ನನ್ನ ಮುಂದಿದೆ. ಮೂರರಲ್ಲೂ "ಕಾರ್ಪೆಟ್ ಒದ್ದೆ" ಅಂತ ಅವರದೇ ಕೈಬರಹ. ಮೂರರಲ್ಲಿ ಒಂದರಲ್ಲೂ ಡ್ರೈನ್ ಅನ್ನೋ ಪದ ಇಲ್ಲ. ಯಾಕೆ? ಯಾರಾದರೂ ಹೇಳಿ.

ಕೊನೆಗೆ ನಾನೇ ಮಾಡಿದೆ. ಇಂಜಿನ್ ತಣ್ಣಗಾಗೋಕೆ ಬಿಟ್ಟು, ಹಿಂದಿನ ಗಾಲಿಗೆ ಅಡ್ಡಗಲ್ಲು ಕೊಟ್ಟು, ಜ್ಯಾಕ್ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೇ ಕೆಳಗೆ ಹೋದದ್ದು. ಬರೀ ಜ್ಯಾಕ್ ನಂಬಿ ಯಾರೂ ಕಾರಿನ ಕೆಳಗೆ ಹೋಗಬೇಡಿ, ಎಷ್ಟೇ ಸಿಟ್ಟಿದ್ದರೂ. ಬೆನ್ನ ಮೇಲೆ ಮಲಗಿ ಟಾರ್ಚ್ ಬಿಟ್ಟು ಹುಡುಕಿದೆ. ಅಮ್ಮ ಕೂರೋ ಸೀಟಿನ ಕಡೆ, ತಗಡಿನ ಗೋಡೆಯಿಂದ ಹೆಬ್ಬೆರಳು ದಪ್ಪದ ಒಂದು ರಬ್ಬರ್ ಪೈಪು ಬಾಗಿ ಕೆಳಗೆ ಇಳಿದಿತ್ತು. ಬಾಯಲ್ಲಿ ಒಂದು ಹನಿ ಇಲ್ಲ. ಹುಲ್ಲು ಕತ್ತರಿಸೋ ಮೆಷಿನ್ನಿನ ನೈಲಾನ್ ದಾರ ಒಂದು ತುಂಡು ಇತ್ತು ಮನೇಲಿ. ತುದಿ ಚುಚ್ಚದ ಹಾಗೆ ಸುಟ್ಟು ಮೊಂಡು ಮಾಡಿಕೊಂಡು, ಮೆಲ್ಲಗೆ ತೂರಿಸಿ ತಿರುಗಿಸಿದೆ. ಕಬ್ಬಿಣದ ತಂತಿ ಹಾಕಲಿಲ್ಲ, ಪೈಪು ತೂತಾಗುತ್ತೆ, ಇನ್ನೂ ಒಳಗೆ ಹೋದರೆ ಕಾಯಿಲಿಗೇ ಪೆಟ್ಟು. ಜೋರಾಗಿ ಗಾಳಿ ಹೊಡೆದರೆ ಪೈಪು ಒಳಗಡೆ ಕಳಚಿಕೊಳ್ಳೋ ಭಯ ಇರುತ್ತೆ, ಅದನ್ನೂ ಮಾಡಲಿಲ್ಲ. ನಾಲ್ಕನೇ ಸಲ ತಿರುಗಿಸಿದಾಗ ದಾರಕ್ಕೆ ಏನೋ ಮೆತ್ತಗೆ ತಗುಲಿತು. ಎಳೆದೆ. ಈ ಬಿರಡೆ ಬಂತು, ಹಿಂದೆಯೇ ನೀರು. ಮುಖದ ಮೇಲೆ, ತೋಳೊಳಗೆ, ಕಿವಿಯೊಳಗೆ. ಒಂದು ಒಂದೂವರೆ ಲೀಟರ್ ಇರಬೇಕು. ಸುರೀತಾನೇ ಇತ್ತು. ಅಲ್ಲೇ ಮಲಗಿದ್ದ ಹಾಗೇ ಅತ್ತುಬಿಟ್ಟೆ. ಹತ್ತು ನಿಮಿಷದ ಕೆಲಸ ಅದು.

ಕಾರ್ಪೆಟ್ಟಿನ ಕಥೆ ಬೇರೆ. ಮೂರು ಸಲವೂ "ಡ್ರೈ ಮಾಡಿದೀವಿ" ಅಂತ ಮೇಲ್ಮೈ ಒಣಗಿಸಿ ಸೆಂಟ್ ಹೊಡೆದು ಕೊಟ್ಟಿದ್ದರು. ಬಾಗಿಲ ಹೊಸ್ತಿಲಿನ ಪಟ್ಟಿ ಬಿಚ್ಚಿ ಕಾರ್ಪೆಟ್ ಎತ್ತಿದರೆ, ಕೆಳಗೆ ಮೂರು ಬೆರಳು ದಪ್ಪದ ಫೋಮು, ಹಿಂಡಿದಷ್ಟೂ ನೀರು. ಅದರಡಿಯಲ್ಲಿ ವೈರಿನ ಗಂಟುಗಳು. ಒಂದು ಕನೆಕ್ಟರಿನ ಪಿನ್ನಿಗೆ ಆಗಲೇ ಹಸಿರು ಕಿಲುಬು ಹಿಡಿದಿದೆ. ಹಾಗೇ ಬಿಟ್ಟಿದ್ದರೆ ಮುಂದೆ ಯಾವ ಲೈಟು, ಯಾವ ಸೆನ್ಸರ್ ಕೈಕೊಡ್ತಿತ್ತೋ. ಈಗ ಫೋಮಿನಡಿ ಮರದ ತುಂಡು ಕೊಟ್ಟು, ನಾಲ್ಕೂ ಬಾಗಿಲು ತೆಗೆದು ಫ್ಯಾನ್ ಹಾಕಿದೀನಿ. ಇನ್ನು ಎಷ್ಟು ದಿನ ಬೇಕೋ ಅದು ಒಣಗೋಕೆ.

ದೂರು ಕೊಡು ಅಂತಾರೆ ಮನೇಲಿ. ಏನಂತ ಕೊಡಲಿ? ಪೈಪು ನೋಡಲಿಲ್ಲ ಅಂತ ಬರೆಯಬಹುದು. ಅಮ್ಮನನ್ನ ಹಾಗೆ ನೋಡಿದ ಅಂತ ಹೇಗೆ ಬರೆಯೋದು? "ನಾವು ಒಳ್ಳೇದಕ್ಕೇ ಹೇಳಿದ್ವಿ" ಅಂದುಬಿಟ್ಟರೆ ಮುಗೀತು. ಬರೆದು ಏನೂ ಆಗಲ್ಲ, ಗೊತ್ತು. ಆದರೂ ನಾಳೆ ಹೋಗ್ತೀನಿ. ಈ ಬಿರಡೆ ಅದೇ ಪೇಪರಲ್ಲಿ ಸುತ್ತಿಕೊಂಡು ಹೋಗಿ ಅವನ ಮೇಜಿನ ಮೇಲೆ ಇಡ್ತೀನಿ. ಅಮ್ಮನಿಗೆ ಫೋನ್ ಮಾಡಿ ಕ್ಷಮೆ ಕೇಳಿ ಅಂತೀನಿ. ಅಷ್ಟು ಸಾಕು ನನಗೆ.

ಅಮ್ಮನಿಗೆ ಎಲ್ಲಾ ತೋರಿಸಿದೆ. ಕೆಳಗೆ ಬಗ್ಗಿಸೋಕೆ ಆಗಲ್ಲ ಅಂತ ಮೊಬೈಲಲ್ಲಿ ಫೋಟೋ ತೆಗೆದು, ಇದೇ ಪೈಪು, ಇಲ್ಲಿಂದ ನೀರು ಬಂದದ್ದು, ನೋಡು ಅಂತ ಬಿಡಿಸಿ ಹೇಳಿದೆ. "ಹೌದಾ, ಸರಿ ಹೋಯ್ತಲ್ಲ, ಬಿಡು" ಅಂದಳು. ಸಂಜೆ ಡಾಕ್ಟರ ಹತ್ತಿರ ಹೋಗೋದಿತ್ತು, ಕಾರು ಹೀಗಿದೆ ಅಂತ ತಂಗಿ ಅವಳ ಕಾರು ತಂದಳು. ಬಾಗಿಲು ತೆಗೆದು ಹಿಡಿದೆ. ಅಮ್ಮ ಕೂರಲಿಲ್ಲ. ಕೈಚೀಲದಿಂದ ನಾಲ್ಕು ಮಡಿಕೆ ಮಡಿಚಿದ ಪ್ಲಾಸ್ಟಿಕ್ ಹಾಳೆ ತೆಗೆದು, ಸೀಟಿನ ಮೇಲೆ ಹಾಸಿ, ನಾಲ್ಕೂ ಮೂಲೆ ಸರಿಮಾಡಿ, ಆಮೇಲೆ ಕೂತಳು.