ಕುರಿಗೂ ಒಂದೊಂದು ಸಸಿ ಕಟ್ರಪ್ಪ

ಚಿತ್ರದುರ್ಗದೋರು ನಾವು ಬರಗಾಲ ಬರಗಾಲ ಅಂತ ಬಾಯಿ ಬಡ್ಕೊಂಡಿದ್ದೇ ಬಂತು, ನಮ್ಮ ಸುತ್ತ ಎಷ್ಟು ಕಾಡಿದೆ, ಆ ಕಾಡಿಂದ ಜಿಲ್ಲೆ ಎಷ್ಟು ಉದ್ಧಾರ ಆಗ್ತಿದೆ ಅನ್ನೋದು ನಮಗೇ ಗೊತ್ತಿಲ್ಲ. ಗೊತ್ತಾಗೋದಾದ್ರೂ ಹೆಂಗೆ, ನಾವು ನೆಲದ ಮೇಲೆ ನಿಂತು ನೋಡ್ತೀವಿ, ಸರ್ಕಾರ ಉಪಗ್ರಹದಿಂದ ನೋಡುತ್ತೆ.

ಡೆಹ್ರಾಡೂನಿನ ಅರಣ್ಯ ಸರ್ವೇಕ್ಷಣೆಯೋರ ಲೆಕ್ಕ ಭಾಳ ಸಿಂಪಲ್ಲು. ಒಂದು ಹೆಕ್ಟೇರಿಗಿಂತ ದೊಡ್ಡ ಜಾಗ ಇರ್ಬೇಕು, ಮೇಲಿಂದ ನೋಡಿದ್ರೆ ಅದರಲ್ಲಿ ಶೇಕಡ 10ಕ್ಕಿಂತ ಜಾಸ್ತಿ ಭಾಗ ಮರದ ತಲೆ ಕಾಣ್ಬೇಕು, ಮುಗೀತು, ಅದು ಅರಣ್ಯ ಹೊದಿಕೆ. ಯಾರ ಜಮೀನು, ಎಂಥ ಮರ, ಯಾಕೆ ನೆಟ್ರು ಅಂತೆಲ್ಲ ಕೇಳಂಗಿಲ್ಲ. ಹಂಗಾಗಿ ಹೊಸದುರ್ಗದ ತೆಂಗಿನ ತೋಟಾನೂ ಕಾಡಾಗ್ಬೋದು, ಚನ್ನಗಿರಿ ಅಡಿಕೆ ತೋಟಾನೂ ಕಾಡಾಗ್ಬೋದು. ಚನ್ನಗಿರಿ ಕಡೆ ಬೀಗರ ಮನೆಗೆ ಹೋಗೋರು ಸ್ವಲ್ಪ ಜೋಪಾನ ಕಣ್ರಿ, ಹೋಳಿಗೆ ಊಟ ಮಾಡ್ತಿರೋದು ದಟ್ಟಡವಿ ಮಧ್ಯೆ.

ಇದು ಉಪಗ್ರಹದ ಕಾಡು. ಇನ್ನೊಂದು ರೆಕಾರ್ಡಿನ ಕಾಡು. ಪಹಣೀಲಿ ಅರಣ್ಯ ಅಂತ ಬರ್ದಿದ್ರೆ ಅಲ್ಲಿ ಒಂದು ಜಾಲಿಗಿಡ ಇಲ್ದಿದ್ರೂ, ಅಪ್ಪನ ಕಾಲದಿಂದ ಸಜ್ಜೆ ಬಿತ್ತಿದ್ರೂ ಅದು ಅರಣ್ಯಾನೇ, ಉಳ್ತಿರೋ ಸರ್ಕಾರಿ ಜಮೀನು ಸಕ್ರಮ ಮಾಡ್ಕೊಡ್ರಿ ಅಂತ ಬಗರ್ ಹುಕುಂ ಫಾರಂ 57 ತುಂಬ್ಕೊಂಡು ತಾಲೂಕು ಆಫೀಸಿಗೆ ಅಲೆದ್ರೆ ಕೊನೆಗೆ ಇದೊಂದೇ ಉತ್ತರ ಬರೋದು. ಅಂದ್ರೆ ನಮ್ಮಲ್ಲಿ ಮರ ಇರೋ ತೋಟಾನೂ ಕಾಡು, ಮರ ಇಲ್ದಿರೋ ಹೊಲಾನೂ ಕಾಡು, ಮಂಡಿಯುದ್ದ ಹುಲ್ಲು ಬೆಳೆದಿರೋ ಕಾವಲು ಮಾತ್ರ ಬಂಜರು!

ಕಾವಲು ಅಂದ್ರೆ ಗೊತ್ತಲ್ಲ, ಅಮೃತ ಮಹಲ್ ದನಗಳಿಗೆ ಅಂತ ಮೈಸೂರು ಅರಸರ ಕಾಲದಿಂದ ಬಿಟ್ಟಿದ್ದ ಹುಲ್ಲುಗಾವಲು. ಚಳ್ಳಕೆರೆ ಕಡೆ ಕುರಿ ಸಾಕೋರು, ಕಂಬಳಿ ನೇಯೋರು ಬದುಕಿದ್ದೇ ಅದರ ಮೇಲೆ. ಆದ್ರೆ ಹುಲ್ಲು ಉಪಗ್ರಹಕ್ಕೆ ಮರದ ಥರ ಕಾಣಲ್ವಲ್ಲ, ಹಂಗಾಗಿ ಅದು ಖಾಲಿ ಜಾಗ. ಖಾಲಿ ಜಾಗ ಅಂದ್ಮೇಲೆ ಯಾರಿಗಾದ್ರೂ ಕೊಡ್ಲೇಬೇಕು. ವರವು ಕಾವಲು, ಉಳ್ಳಾರ್ತಿ ಕಾವಲು, ಕುದಾಪುರ ಎಲ್ಲಾ ಸೇರಿ ಸುಮಾರು 10 ಸಾವಿರ ಎಕರೆ ಡಿಆರ್‌ಡಿಒ, ಇಸ್ರೋ, ಬಿಎಆರ್‌ಸಿ, ಐಐಎಸ್‌ಸಿ ಅಂತ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಹಂಚಿಹೋಯ್ತು, ಕಾಂಪೌಂಡ್ ಎದ್ದಿತು. ದೇಶಕ್ಕೆ ಬೇಕು, ಬೇಡ ಅನ್ನಲ್ಲ. ಆದ್ರೆ ಕಾಂಪೌಂಡ್ ಪಕ್ಕ ಕುರಿ ಹೊಡ್ಕೊಂಡು ನಿಂತಿರೋ ಅಜ್ಜ "ಸಾಮಿ, ಒಳಗೆ ಹುಲ್ಲು ಹಂಗೇ ಒಣಗ್ತಾ ಐತೆ, ಒಂದ್ ಗಳಿಗೆ ಬಿಡ್ರಲ್ಲ" ಅಂದ್ರೆ ಗೇಟಲ್ಲಿರೋ ಸೆಕ್ಯುರಿಟಿಗೆ ಕನ್ನಡ ಬರ್ಬೇಕಲ್ಲ.

ಇನ್ನು ಉದ್ಯಮದ ಮಾತು. ಕಾಡಿಂದ ಗ್ರಾಮೀಣ ಅಭಿವೃದ್ಧಿ ಅನ್ನೋದು ಹೊಸ ಐಡಿಯಾ ಏನಲ್ಲ. 80ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲ ತಂದು ಸಾಮಾಜಿಕ ಅರಣ್ಯ ಮಾಡಿದ್ರು, ಸಮಾಜಕ್ಕೆ ಸೌದೆ ಸಿಗ್ಲಿ, ಮೇವು ಸಿಗ್ಲಿ ಅಂತ. ನೆಟ್ಟಿದ್ದು ಮಾತ್ರ ನೀಲಗಿರಿ. ಮೇಕೆ ಏನೇನೋ ತಿನ್ನುತ್ತೆ, ನೀಲಗಿರಿ ಸೊಪ್ಪಿಗೆ ಮೂತಿನೂ ಹಾಕಲ್ಲ. ಆಮೇಲೆ 1984ರಲ್ಲಿ ಸರ್ಕಾರ ಮತ್ತು ಮರದಿಂದ ರೇಯಾನ್ ತಿರುಳು ತೆಗೆಯೋ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಅಂತ ಜಂಟಿ ಕಂಪನಿ ಕಟ್ಟಿ, ಸುತ್ತಮುತ್ತಲ ಜಿಲ್ಲೆಗಳ ಸುಮಾರು 30 ಸಾವಿರ ಹೆಕ್ಟೇರ್ ಸರ್ಕಾರಿ ಜಮೀನಲ್ಲಿ ಇದನ್ನೇ ಬೆಳೆಸಕ್ಕೆ ಹೊರಟ್ರು. 1987ರಲ್ಲಿ ಹಾನಗಲ್ ಕಡೆ ಕುಸನೂರಿನ ಜನ 'ಕಿತ್ತಿಕೋ ಹಚ್ಚಿಕೋ' ಅಂತ ನೀಲಗಿರಿ ಕಿತ್ತು ಉಪಯೋಗಕ್ಕೆ ಬರೋ ಸಸಿ ನೆಟ್ರು, ಆ ಕಂಪನಿ ಆಮೇಲೆ ಬಾಗಿಲು ಹಾಕ್ತು. ಅಭಿವೃದ್ಧಿ ಅರ್ಥ ಆಗದ ಜನ ನೋಡಿ.

ಆ ಪಾಲಿಫೈಬರ್ಸ್ ಕಾರ್ಖಾನೆಯಿಂದ ಯಾವ ಜಿಲ್ಲೆ ಉದ್ಧಾರ ಆಯ್ತು ಅಂತ ಲೆಕ್ಕ ಹಾಕಕ್ಕೆ ಹೋದ್ರೂ ತಲೆ ಕೆಡುತ್ತೆ. ಹೆಸರು ಹರಿಹರದ್ದು, ಕಾರ್ಖಾನೆ ಇರೋದು ತುಂಗಭದ್ರಾ ಹೊಳೆ ಆಚೆ ಕುಮಾರಪಟ್ಟಣದಲ್ಲಿ, ಅಂದ್ರೆ ಈಗಿನ ಹಾವೇರಿ ಜಿಲ್ಲೆ. ಹರಿಹರ 1997ರ ತನಕ ನಮ್ಮ ಚಿತ್ರದುರ್ಗ ಜಿಲ್ಲೇಲಿತ್ತು, ಆಮೇಲೆ ದಾವಣಗೆರೆ ಪಾಲಾಯ್ತು. ಹೊಳೆ ನೀರು ಮಾತ್ರ ಯಾವ ಜಿಲ್ಲೆ ಅಂತ ಕೇಳ್ದೆ ಎರಡೂ ದಡಕ್ಕೂ ಹರಿಯುತ್ತೆ.

ಸರಿ, ರೈತರೂ ಹೊಲದಲ್ಲಿ ನೀಲಗಿರಿ ಹಾಕಿದ್ರು. ಯಾಕೆ ಹಾಕಲ್ಲ ಹೇಳಿ, ಕೂಲಿ ಸಿಗಲ್ಲ, ಮಳೆ ನೆಚ್ಚಂಗಿಲ್ಲ, ಮಗ ಬೆಂಗಳೂರಲ್ಲಿ ಅವ್ನೆ, ಇದು ಕಡಿದಷ್ಟೂ ಬೊಡ್ಡೆಯಿಂದ ಚಿಗುರುತ್ತೆ. ಆರೇಳು ವರ್ಷಕ್ಕೊಂದ್ಸಲ ಗುತ್ತಿಗೆದಾರ ಬೈಕಲ್ಲಿ ಬರ್ತಾನೆ, ಬದುವಿನ ಮೇಲೇ ನಿಂತು ಕಣ್ಣಳತೇಲಿ ರೇಟ್ ಹೇಳ್ತಾನೆ. ಟನ್ ಲೆಕ್ಕದಲ್ಲಿ ಅಂತ ಮಾತಾದ್ರೆ ಇನ್ನೂ ಮಜ. ಕಡಿದು ಸಿಪ್ಪೆ ಸುಲಿದು ರಾಶಿ ಹಾಕಿರ್ತಾರೆ, ಲಾರಿ ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ದಿನ ತಳ್ತಾರೆ, ನಮ್ಮ ಬಿಸಿಲಿಗೆ ಮರ ದಿನಾ ಹಗುರಾಗ್ತಾ ಹೋಗುತ್ತೆ, ವೇ ಬ್ರಿಡ್ಜ್ ಹತ್ತೋ ಹೊತ್ತಿಗೆ ನೀರೆಲ್ಲ ಆರಿ ಬರೀ ಕಟ್ಟಿಗೆ ಉಳಿದಿರುತ್ತೆ, ಚೀಟೀಲಿ ಬರೋದು ಆ ತೂಕ. ಏಳು ವರ್ಷ ಹೊಲದ ನೀರು ಕುಡಿದಿದ್ದು ಯಾವ ಚೀಟೀಲೂ ಬರಲ್ಲ.

ಕೊನೆಗೆ 2017ರಲ್ಲಿ ಸರ್ಕಾರಕ್ಕೇ ಜ್ಞಾನೋದಯ ಆಗಿ ಇನ್ಮೇಲೆ ನೀಲಗಿರಿ ನೆಡಬಾರದು ಅಂತ ಆದೇಶ ಬಂತು. ನೆಡ್ರಿ ಅಂತ ಸಸಿ ಕೊಟ್ಟಿದ್ದೂ ಇವರೇ, ನೆಡಬೇಡ್ರಿ ಅಂದಿದ್ದೂ ಇವರೇ, ಮಧ್ಯದಲ್ಲಿ ಬೊಡ್ಡೆ ಕೀಳಿಸೋ ಜೆಸಿಬಿ ಬಾಡಿಗೆ ಮಾತ್ರ ರೈತಂದು. ಬಹುಶಃ ಈ ಜಿಲ್ಲೇಲಿ ಅರಣ್ಯ ಉದ್ಯಮದಿಂದ ನೆಟ್ಟಗೆ ದುಡಿದೋನು ಅಂದ್ರೆ ಆ ಜೆಸಿಬಿ ಓನರ್ರೇ.

ಇತ್ತ ಗುಡ್ಡದಿಂದ ಮಂಕರೀಲಿ ಸೀತಾಫಲ ಹೊತ್ತು ತಂದು ಹೈವೇ ಪಕ್ಕ ಮಾರೋ ಹೆಂಗಸ್ರಿದಾರೆ, ಹುಣಸೆ ಬಡಿಯೋರು, ಬೇವಿನ ಬೀಜ ಆರಿಸೋರು, ಈಚಲು ಗರಿ ತಂದು ಚಾಪೆ ಹೆಣೆಯೋರು. ಇದು ಕಾಡಿನ ದುಡಿಮೆ ಅಲ್ವಾ ಅಂದ್ರೆ ಅಲ್ವಂತೆ, ವೇ ಬ್ರಿಡ್ಜ್ ಹತ್ತಿಲ್ವಲ್ಲ. ಕುರಿ ಮಂದೆ ಒಂದು ರಾತ್ರಿ ಹೊಲದಲ್ಲಿ ತರುಬಿದ್ರೆ ರೈತ ಗೊಬ್ಬರಕ್ಕೆ ಅಂತ ದುಡ್ಡೋ ಕಾಳೋ ಕೊಡ್ತಾನೆ, ಅದಕ್ಕೂ ರಸೀದಿ ಇಲ್ಲ, ಹಂಗಾಗಿ ಅದೂ ಆರ್ಥಿಕತೆ ಅಲ್ಲ. ಮೀಟಿಂಗಲ್ಲಿ ಪಿಪಿಟಿ ಹಾಕ್ಬೇಕು ಅಂದ್ರೆ ರಸೀದಿ ಬೇಕಾಗುತ್ತೆ ಸ್ವಾಮಿ.

ಅದಕ್ಕೆ ನನ್ನದೊಂದು ಸಲಹೆ. ಎಲ್ಲಾ ಕುರಿ ಬೆನ್ನಿಗೂ ಒಂದೊಂದು ಸಸಿ ಕಟ್ಟಿಬಿಡಿ, ನೀಲಗಿರಿ ಬೇಡ, ನಿಷೇಧ ಇದೆ, ಹೊಂಗೆ ಕಟ್ಟಿ. ಒಂದ್ಹತ್ತು ಮಂದೆ ಒಟ್ಟಿಗೆ ಹೆಕ್ಟೇರ್ ದಾಟಿ ಹರಡ್ಕೊಂಡು ನಿಂತ್ರೆ ಮೇಲಿಂದ ಶೇಕಡ 10 ಹಸಿರು ಆರಾಮಾಗಿ ಕಾಣುತ್ತೆ, ಮುಂದಿನ ವರದೀಲಿ ಚಳ್ಳಕೆರೆ ಅರಣ್ಯ ಏರಿಕೆ ಅಂತ ಸುದ್ದಿ ಬರುತ್ತೆ, ಸಚಿವರು ಬಂದು ಫೋಟೋ ತೆಗೆಸ್ಕೋತಾರೆ. ಒಂದೇ ತೊಂದ್ರೆ ಅಂದ್ರೆ, ಆ ಕಾಡೊಳಗೆ ಅಕ್ರಮವಾಗಿ ಕುರಿ ಮೇಯಿಸ್ತಿದ್ದಾನೆ ಅಂತ ಮಾರನೇ ದಿನಾನೇ ಅಜ್ಜನ ಮೇಲೆ ಕೇಸ್ ಹಾಕ್ತಾರೆ.